ಇಂಚು, ಸೆಂಟು

ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಎಂಟೂವರೆಗೆ
ತಾಮ್ರದ ಕೊಳವೆಯಿಂದ ಗಾಜಿನ ಅಳತೆಗೆ ಸುರಿದು
ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು
ಬರೆದಿದ್ದೇನೆ ತೋಟದ ಪುಸ್ತಕದಲ್ಲಿ:
ಇಷ್ಟು ಇಂಚು, ಇಷ್ಟು ಸೆಂಟು.
ಮಳೆ ಬರುವ ದಿಕ್ಕು ಮಾತ್ರ ಆಫೀಸಿನ ಕಿಟಕಿಯಲ್ಲಿ
ನೀಲಿಯಾಗಿ ಕೂತಿರುತ್ತಿತ್ತು, ಬ್ರಹ್ಮಗಿರಿ.
ಹತ್ತಿರವೇ. ಹೋಗಿರಲಿಲ್ಲ.

"ರೈಟರಮ್ಮ, ಹೊಗೆಸೊಪ್ಪು ತಂದಿರಾ?" ಎಂದ ಚುಬ್ರ
ಇರ್ಪಿನ ಗೇಟಿನ ಹತ್ತಿರ.
ತಿನ್ನಲಿಕ್ಕಲ್ಲ; ನೆನೆಸಿ ಕಾಲಿಗೆ ಹಚ್ಚಲಿಕ್ಕೆ, ಇಂಬಳಕ್ಕೆ.
ತುಲಾ ತಿಂಗಳ ಮೊದಲ ಭಾನುವಾರ,
ಬಿಸಿಲು ಆಗಷ್ಟೇ ತೊಳೆದು ಬೋರಲು ಹಾಕಿದ ಹಾಗಿತ್ತು.
ನಾನು ಕೊಡೆ ತಂದಿದ್ದೆ. ಅವನು ನಕ್ಕ.

ಕಾಡು ಮೊದಲು ಕಿವಿಗೆ ಬಂತು.
ಯಾರೋ ಹುಡುಗ ಹಾಡು ಮರೆತು, ಬರೀ ಸಿಳ್ಳೆ ಹಾಕುತ್ತ
ಹೊಳೆಯಗುಂಟ ಹೋದ ಹಾಗೆ.
"ಹಕ್ಕಿ," ಎಂದ ಚುಬ್ರ, "ಅದಕ್ಕೆ ಪೂರ್ತಿ ಬರೋದಿಲ್ಲ."
ಕೆಂದಳಿಲು ಬಾಲವನ್ನು ಮೊದಲು ಎಸೆದು
ಆಮೇಲೆ ತಾನು ಹಾರಿತು.
ದಾರಿ ನಡುವೆ ಆನೆ ಲದ್ದಿ. ಅವನು ಹೆಬ್ಬೆರಳಿಟ್ಟು
"ನಿನ್ನೆ ರಾತ್ರಿಯದು" ಎಂದ,
ನಾನು ಬ್ಯಾಂಕಿನ ಚಲನ್ ತಾರೀಕು ಓದುವಷ್ಟು ಸರಾಗವಾಗಿ.
ಅದರಲ್ಲಿ ಈಚಲ ನಾರು, ಬಿದಿರ ಸಿಬಿರು,
ಆಗಲೇ ಮೊಳೆತ ಒಂದು ಬೀಜ.

ನರಿಮಲೆಯ ಮನೆ ದಾಟಿದ ಮೇಲೆ
ಮರಗಳು ನಿಂತುಬಿಟ್ಟವು, ಇನ್ನು ನೀವೇ ಹೋಗಿ ಎಂದು.
ಅಲ್ಲಿಂದ ಹುಲ್ಲು. ಸೊಂಟದೆತ್ತರ ಹುಲ್ಲು.
ಕಣಿವೆಯ ಮಡಿಕೆಯಲ್ಲಿ ಮಾತ್ರ ಕಾಡು,
ಒಣಗಿದ ಸೀರೆಯ ನೆರಿಗೆಯಲ್ಲಿ ಉಳಿದ ಒದ್ದೆಯ ಹಾಗೆ.
ಮಂಡಿ ಎರಡು ಬಾರಿ ನನ್ನನ್ನು ಬೈದಿತು.
ಬುತ್ತಿ ಬಿಚ್ಚಿದೆವು: ತಣ್ಣನೆ ಅಕ್ಕಿರೊಟ್ಟಿ, ಎಳ್ಳು ಪಜ್ಜಿ.
ನಮ್ಮ ತೋಟ ಎಲ್ಲಿದೆ ತೋರಿಸು ಎಂದೆ.
ಚಾಚಿದ ಅವನ ಬೆರಳಿನ ತುದಿಯಲ್ಲಿ
ಉಗುರಿನಷ್ಟೂ ಇರಲಿಲ್ಲ ಅದು.

ಆಗ ವಯನಾಡಿನ ಕಡೆಯಿಂದ ಎದ್ದಿತು.
ಮೋಡ ಮೇಲಿಂದ ಬರುತ್ತದೆ ಅಂದುಕೊಂಡಿದ್ದೆ.
ಕೆಳಗಿಂದ, ಕಣಿವೆ ಹತ್ತಿ,
ದಮ್ಮಿನವರಂತೆ ಬಂಡೆಗೆ ಒರಗಿ ಒರಗಿ ಬಂತು.
ಗಡಿಕಲ್ಲು ಹೋಯಿತು. ಚುಬ್ರನ ಕಾಲು ಹೋಯಿತು.
ಆಮೇಲೆ ಚುಬ್ರ.
ಮಳೆ ಅನ್ನಲಾಗದು, ಬೀಳುತ್ತಿರಲಿಲ್ಲ,
ಎಲ್ಲ ಕಡೆ ಸುಮ್ಮನೆ ನಿಂತಿತ್ತು.
ಕೊಡೆ ಬಿಡಿಸಿದೆ;
ಅದು ಒಳಗಿಂದಲೂ ತೊಟ್ಟಿಕ್ಕಿತು.

"ಅಲ್ಲಾಡಬೇಡಿ."
ಎಲ್ಲಿಂದ ಹೇಳಿದನೋ.
ಬಿಳಿಯೊಳಗೆ ಒಂದು ಉಸಿರು, ತಿದಿ ಒತ್ತಿದ ಹಾಗೆ.
ಹುಲ್ಲು ಹರಿಯುವ ಸದ್ದು, ಜಗಿಯುವ ಸದ್ದು.
ಹಟ್ಟಿಯ ವಾಸನೆ, ಅದರಡಿ ಹಟ್ಟಿಯದಲ್ಲದ ಇನ್ನೇನೋ.
ಮೋಡ ಒಂದು ಮೊಳ ಸರಿಯಿತು: ನಾಲ್ಕು ಬಿಳಿ ಕಾಲ್ಚೀಲ.
ಇನ್ನೊಂದು ಮೊಳ: ಕಪ್ಪು ಗೋಡೆಯಂಥ ಹೆಗಲು,
ಅದರ ಕೂದಲ ತುದಿತುದಿಗೆ ಹನಿ.
ಕಾಟಿ ನನ್ನನ್ನು ನೋಡಿತು.
ನೋಡಿ, ಜಗಿಯುವುದನ್ನೇನೂ ನಿಲ್ಲಿಸಲಿಲ್ಲ.
ಆ ಹನಿಗಳನ್ನು ಎಣಿಸತೊಡಗಿದ್ದೆ,
ಭಯಕ್ಕೋ, ಅಭ್ಯಾಸಕ್ಕೋ.
ಹದಿನೇಳಕ್ಕೆ ಅದು ಮೈ ಕೊಡವಿತು.

ಇಳಿಯುವಾಗ ಗುಡುಗು, ಗುಡುಗಿನ ಹಿಂದೆಯೇ ಜಡಿ,
ಜಡಿಯ ನಡುವೆ ಬಿಸಿಲು.
ಕಾಗೆಗೂ ನರಿಗೂ ಮದುವೆ ಅನ್ನುತ್ತಾರಲ್ಲ,
ನರಿಮಲೆಯಲ್ಲಿ ಇನ್ನೇನು ನಡೆದೀತು?
ನನ್ನ ಕೊಡೆಯಡಿ ಒಂದು ಬೀಡಿ ಹಚ್ಚಲು
ಚುಬ್ರ ಹನ್ನೆರಡು ಕಡ್ಡಿ ಸುಟ್ಟ.
ಕೊಡೆ ಬಗ್ಗೆ ಆಮೇಲೆ ನಗಲಿಲ್ಲ.

ಕೆಳಗೆ ಗೇಟಿನಲ್ಲಿ ಧೂಳಿತ್ತು.
ಸೌತೆಕಾಯಿ ಮಾರುವವಳು
"ಹೊಳೆಗೆ ಬಿದ್ದಿರಾ?" ಎಂದಳು.

ಮರುದಿನ ಎಂಟೂವರೆಗೆ ಗಾಜಿನಲ್ಲಿ
ಒಂದು ಇರುವೆ, ಅಷ್ಟೆ.
ಬಿರುನಾಣಿಯಿಂದ ದೇಚಮ್ಮನ ಫೋನು:
"ನಮ್ಮಲ್ಲಿ ಒಂದು ಇಂಚು ಅರವತ್ತು. ನಿಮ್ಮಲ್ಲಿ?"
ಸೊನ್ನೆ ಎಂದೆ. ಸೊನ್ನೆ ಬರೆದೆ.
ಮೆಟ್ಟಿಲ ಮೇಲೆ ಬೂಟು ಇನ್ನೂ ನೀರು ಬಿಡುತ್ತಿತ್ತು.
ಕಿಟಕಿಯಲ್ಲಿ ಬೆಟ್ಟ ಇರಲಿಲ್ಲ, ಬಿಳಿ ಇತ್ತು.
ಅದರೊಳಗೆ ಎಲ್ಲೋ ಅದು ಜಗಿಯುತ್ತಿರಬೇಕು.