ದಪ್ಪ ತಂತಿ

ಕೂತ್ಕೊ ಸಿಂಚನಾ, ಮೊದಲು ಕೇಬಲ್ಲು ಬಿಚ್ಚು.
ಮೊಣಕೈಗೆ ಸುತ್ತಬೇಡ, ಬಾವಿ ಹಗ್ಗವಲ್ಲ ಅದು;
ಎತ್ತ ಮಣಿಯುತ್ತೋ ಅತ್ತಲೇ ಬಿಟ್ಟು ಮಡಿಸು.
ಎರಡು ಇಟ್ಟುಕೊ ಯಾವಾಗಲೂ. ಒಂದು
ಹಾಡಿನ ನಡುವೆ ಸಾಯುತ್ತದೆ,
ಅದೂ ಎಮ್ಮೆಲ್ಲೆ ಬಂದು ಕೂತ ಹೊತ್ತಿಗೆ.

ಯಾವ ಗಿಟಾರು ಕೊಳ್ಳಲಿ ಅಂತ ಕೇಳಿದೆಯಲ್ಲ,
ಐದು ತಂತಿಯದು ಬೇಡ, ನಾಲ್ಕು ಸಾಕು.
ನಾನು ನಾಲ್ಕರಲ್ಲಿ ಮೂರನ್ನೇ ಬಾರಿಸಿ
ಇಬ್ಬರು ತಂಗಿಯರ ಮದುವೆ ಮಾಡಿದವನು.
ಕತ್ತು ನೋಡು. ಒಂದು ಕಣ್ಣು ಮುಚ್ಚಿ
ನೇಗಿಲ ಈಸು ನೋಡುವ ಬಡಗಿಯ ಹಾಗೆ
ಉದ್ದಕ್ಕೆ ಕಣ್ಣು ಹಾಯಿಸು. ಡೊಂಕಿದ್ದರೆ
ಬಣ್ಣಕ್ಕೆ ಸೋಲದೆ ಎದ್ದು ಬಾ.
ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇನ್ನಾಸಪ್ಪ
ಒಡೆದುಹೋದ ಬ್ಯಾಂಡುಗಳ ಸಾಮಾನು ಮಾರುತ್ತಾನೆ.
ಹಿಂದೆ ಯಾರದಾದರೂ ಹೆಸರು ಕೆತ್ತಿದ್ದರೆ
ಇನ್ನೂರು ಕಡಿಮೆ.

ಹೊಸ ತಂತಿಗೆ ದುಡ್ಡಿಲ್ಲವೆ? ಬೇಯಿಸು.
ಕುದಿವ ನೀರು, ಚಿಟಿಕೆ ಸೋಪಿನ ಪುಡಿ, ಹತ್ತು ನಿಮಿಷ.
ಬಿಸಿಲಲ್ಲಿ ಒಣಗಿಸು, ಇನ್ನೊಂದು ತಿಂಗಳು ಜೀವ.
ಹಿಟ್ಟಿನ ತಪ್ಪಲೆ ಮಾತ್ರ ಮುಟ್ಟಬೇಡ;
ನಮ್ಮ ಪುಟ್ಟತಾಯಿ ಹದಿನೇಳು ವರ್ಷದ ಹಿಂದೆ
ಮುದ್ದೆಯಲ್ಲಿ ಕಂಡ ತುಕ್ಕಿನ ವಾಸನೆಯನ್ನು
ಹಬ್ಬಕ್ಕೊಮ್ಮೆ ನೆನೆಸಿಕೊಳ್ಳುತ್ತಾಳೆ.

ಬೀಗರೂಟಕ್ಕೆ ಕರೆದರೆ ಮೊದಲು ಬಾರಿಸು, ಆಮೇಲೆ ಉಣ್ಣು.
ಬಾಡಿನ ಜಿಡ್ಡು ಹತ್ತಿದ ಬೆರಳು
ಗಂಡಿನ ಕಡೆಯವರು ಕುಣಿಯುವ ಹೊತ್ತಿಗೆ
ಒಂದು ಮನೆ ಆಚೆ ಜಾರಿ ಕೂರುತ್ತದೆ.
ದುಡ್ಡು? ಅರ್ಧ ಅಡ್ವಾನ್ಸು, ಉಳಿದದ್ದು
ಕೊನೆಯ ಹಾಡಿಗೆ ಮುಂಚೆ. ಮಂಗಳವಾದ ಮೇಲೆ
ಕಮಿಟಿಯವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲಿ ನಿಲ್ಲಬೇಕು?
ಡ್ರಮ್ಮಿನವನ ಬಲಗಾಲಿನ ಪಕ್ಕ.
ನಮ್ಮಲ್ಲಿ ಮರೀಗೌಡ ಇದ್ದ. ನಾನು
ಹಾಡುವವಳನ್ನು ನೋಡಲಿಲ್ಲ, ಜನರನ್ನು ನೋಡಲಿಲ್ಲ,
ಅವನ ಹೆಬ್ಬೆರಳು ನೋಡಿದೆ.
ಅವನು ಕುಡಿದು ಬಂದ ರಾತ್ರಿಯೂ
ಹೆಬ್ಬೆರಳು ಕುಡಿದಿರುತ್ತಿರಲಿಲ್ಲ.
ಅವನ ಕಾಲು ಬಿದ್ದಾಗ ನನ್ನ ಬೆರಳು,
ಇಬ್ಬರೂ ಒಂದೇ ಒನಕೆ ಹಿಡಿದ ಹಾಗೆ.
ಸ್ವರ ಕಡಿಮೆ ಹಾಕು. ಗೊತ್ತಿರುವುದನ್ನೆಲ್ಲ
ಬಾರಿಸುವವರನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ.

ಇನ್ನೊಂದು. ಇದನ್ನು ಬರೆದುಕೊ.
ಚರ್ಮದ ಬೂಟು ಬೇಡ, ರಬ್ಬರಿನ ಹವಾಯಿ.
ಮೈಕಿಗೆ ಬಾಯಿ ಕೊಡುವ ಮುಂಚೆ
ಕೈಯ ಹಿಂಬದಿಯಿಂದ ಮುಟ್ಟು,
ಮಗುವಿನ ಜ್ವರ ನೋಡುವ ಹಾಗೆ.
ಮದ್ದೂರಿನ ಆಚೆ ಒಂದು ಗಣಪತಿ,
ಕಂಬಕ್ಕೆ ಕೊಕ್ಕೆ ಹಾಕಿ ಎಳೆದ ಕರೆಂಟು,
ಮಳೆ ಬಂದು ನಿಂತಿದ್ದ ಒದ್ದೆ ಹಲಗೆ.
ಚೌರಪ್ಪ ಎಡಗೈಯಲ್ಲಿ ತಂತಿ ಹಿಡಿದೇ
ಮೈಕಿಗೆ ತುಟಿ ತಾಗಿಸಿ ‘ಎಲ್ಲರಿಗೂ’ ಅಂದ.
ನಮಸ್ಕಾರ ಬರಲಿಲ್ಲ.

ಅವನದೇ ಇದು. ಆಗ ನನಗೆ ಇಪ್ಪತ್ತೆರಡು,
ತಮಟೆ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಆಮೇಲೆ ಕೀಬೋರ್ಡು ಬಂತು. ಅದರವನ ಎಡಗೈ
ನಮ್ಮ ಸ್ವರ ನುಂಗಿತು; ಮುಂದೆ ಒಂದು ಪೆನ್‌ಡ್ರೈವು
ಆ ಎಡಗೈಯನ್ನೂ ನುಂಗಿತು. ಹನ್ನೊಂದು ವರ್ಷ
ಇಲ್ಲೇ ಮಂಡ್ಯದಲ್ಲಿ, ಸಕ್ಕರೆ ಫ್ಯಾಕ್ಟರಿ ದಾರಿಯಲ್ಲಿ
ಮಿಕ್ಸಿ ರಿಪೇರಿ ಮಾಡಿದೆ.
ಕಬ್ಬಿನ ಲಾರಿ ಹೋದಾಗ ಮೇಜು ನಡುಗುತ್ತಿತ್ತು.
ಅದು ಯಾವ ಸ್ವರ ಅಂತ
ಸ್ಕ್ರೂಡ್ರೈವರ್ ಹಿಡಿದ ಕೈ ಹುಡುಕುತ್ತಿತ್ತು.

ಹುಡುಗಿ ನೀನು, ಕೇಳೇ ಕೇಳುತ್ತಾರೆ:
ಯಾಕಮ್ಮ, ಹಾಡಬಾರದಾ?
ಉತ್ತರ ಕೊಡಬೇಡ. ಬಾಕ್ಸಿನ ಮೇಲೆ
ಅವರ ಟೀ ಲೋಟ ಇರುತ್ತದಲ್ಲ,
ದಪ್ಪ ತಂತಿ ಮೀಟು. ಲೋಟ ಅಂಚಿನವರೆಗೆ
ನಡೆದುಕೊಂಡು ಬರುತ್ತದೆ.
ಅವರೇ ಹಿಡಿದುಕೊಳ್ಳಲಿ.

ನಾಳೆ ಪಾಂಡವಪುರ ಅಂದೆ.
ಟೆಂಪೋದಲ್ಲಿ ಜನರೇಟರ್ ಪಕ್ಕ ಮಲಗಿಸಬೇಡ,
ತೊಡೆಯ ಮೇಲೆ ಇಟ್ಟುಕೊ.
ಬ್ಯಾಟರಿ ಹೊಸದು, ನಾಲಿಗೆಗೆ ತಾಗಿಸಿದೆ, ಚುರ್ ಅಂತು.
ಬಾಡಿಗೆ ಗೀಡಿಗೆ ಏನೂ ಬೇಡ. ಬಂದ ಮೇಲೆ
ತಂತಿಯ ಬೆವರು ಒರೆಸು, ಅಷ್ಟೆ.
ಹಿಂದೆ ಒಂದು ‘ಚೌ’ ಕೆತ್ತಿದೆ, ಉಜ್ಜಬೇಡ.
ಇನ್ನೂರು ಕಡಿಮೆಯಾದರೆ ಆಗಲಿ.