ಹದಿನೇಳನೇ ಲೀವರು

ಹುಬ್ಬಳ್ಳಿ ಯಾರ್ಡಿನ ಕ್ಯಾಬಿನ್ನಿನಾಗ ನಾನು
ಇಪ್ಪತ್ತೆರಡು ವರ್ಷ ಲೀವರು ಎಳದಾಂವ.
ಹದಿನೇಳು ಎಳದರ ಹದಿನೆಂಟು ಬರೂದಿಲ್ಲ,
ಜೋತುಬಿದ್ದರೂ ಬರೂದಿಲ್ಲ.
ಕೆಳಗ ಕಬ್ಬಿಣದ ಪಟ್ಟಿ
ಒಂದರ ಹಲ್ಲಿನಾಗ ಒಂದು ಕಚ್ಚಿ ಕುಂತಿರತಾವ.
ಇದನ್ನ ನನಗ ಕಾಲೇಜು ಕಲಿಸಿದ್ದಲ್ಲ,
ಅಂಗೈ ಜಡ್ಡು ಕಲಿಸಿದ್ದು.

ಶಿವಲೀಲಾ ಆರನೇತ್ತೆ ಇದ್ದಾಗ ಬುತ್ತಿ ತಂದು
ಬಾಕಿನ ಮ್ಯಾಲ ಕುಂತು
ಯಾವುದಕ್ಕ ಯಾವುದು ಬೀಗ ಅಂತ
ವಹಿಯಾಗ ಗೆರಿ ಹೊಡಕೋತ ಇದ್ದಳು.
'ಅಪ್ಪಾ, ಇದು ಇದ್ದರ ಅದಿಲ್ಲ.
ಇದು ಇಲ್ಲಂದ್ರ ಅದು ಇರಬಹುದು, ಇಲ್ಲದೇನೂ ಇರಬಹುದು.'
ನಾನು ರೊಟ್ಟಿ ಮುರಕೋತ ಹೂಂ ಅಂದಿದ್ದೆ,
ಸೊಲ್ಲಾಪುರ ಗಾಡಿಗೆ ಕಿವಿ ಕೊಟ್ಟು.

ಈಗ ಕ್ಯಾಬಿನ್ನಿಗೇ ಬೀಗ. ಒಂದು ಪರದೆ ಎಲ್ಲಾ ನೋಡಕೋತೈತಿ,
ನಾನು ಪಾರ್ಸಲ್ ಆಫೀಸಿನಾಗ ರಟ್ಟಿನ ಪೆಟ್ಟಿಗಿ ಎಣಸ್ತೀನಿ.
ಮನ್ಯಾಗ ಶೇಂಗಾ ಹಿಂಡಿ ಡಬ್ಬಿ ಕೆಳಗ ಎರಡು ಕಾಗದ.
ಒಂದು ವಿದ್ಯಾನಗರದ್ದು, ಸಿಇಟಿ ಸೀಟು, ಇಂಜಿನಿಯರಿಂಗು.
ಒಂದು ಧಾರವಾಡದ್ದು, ಸಪ್ತಾಪುರದಾಚೆ ಸಣ್ಣ ಕಾಲೇಜು,
ಕಂಪ್ಯೂಟರಿನ ಜೋಡಿ ತರ್ಕಶಾಸ್ತ್ರ, ವ್ಯಾಕರಣ.

'ವ್ಯಾಕರಣಾ?' ಅಂದ ಅಕಿ ಸೋದರಮಾವ ಗುರುಪಾದಪ್ಪ.
'ಹೆಸರಿನ ಮುಂದ ಬಿ.ಇ. ಇಲ್ಲಂದ್ರ
ಕೋಡು ಓಡತೈತೇನು?'
ಮಹಾನಂದಾ ಫೀ ಕೂಡಿಸಿದಳು, ಕಳದಳು,
ಮತ್ತ ಕೂಡಿಸಿದಳು. ಏನೂ ಅನಲಿಲ್ಲ.

ಎರಡೂ ನೋಡಿ ಬಂದ್ವಿ, ಒಂದs ದಿನ.
ವಿದ್ಯಾನಗರದಾಗ ಅರವತ್ತು ಕಂಪ್ಯೂಟರು, ಮೈ ಕೊರೆಯೂ ಎ.ಸಿ.
ಒಬ್ಬ ಹುಡುಗ ಪ್ಯಾಕೇಜಿನ ಲೆಕ್ಕ ಬಾಯಿಪಾಠ ಹೇಳಿದ.
ಶಿವಲೀಲಾ ಏನೋ 'ಯಾಕ ಹಂಗ?' ಅಂತ ಕೇಳಿದಳು.
'ಅದು ಪರೀಕ್ಷಾಕ್ಕ ಬರಂಗಿಲ್ಲ' ಅಂದ.
ಪಾಪ, ಚಲೋ ಹುಡುಗ. ನೀರು ತಂದು ಕೊಟ್ಟ.

ಧಾರವಾಡದಾಗ ಹದಿಮೂರು ಕಂಪ್ಯೂಟರು, ಎರಡಕ್ಕ ಮೌಸ್ ಇಲ್ಲ.
ಮೇಡಂ ಬೋರ್ಡಿನ ಮ್ಯಾಲ ಬರದಿದ್ರು:
ಎಲ್ಲಾ ಬಾಗಿಲು ತೆರೆದಿಲ್ಲ.
ಅಂದ್ರ ಒಂದೂ ತೆರೆದಿಲ್ಲೋ, ಕೆಲವು ತೆರೆದಾವೋ?
ಯಂತ್ರಕ್ಕ ಇದನ್ನ ಹೆಂಗ ಹೇಳೂದು?
ಮುಕ್ಕಾಲು ತಾಸು ಜಗಳಾಡಿದ್ರು ಹುಡುಗ್ರು,
ಅವರ ನಡುವ ನನ್ನ ಮಗಳ ದನಿ.
ನಾನು ಹೊರಗ ನಿಂತs ಇದ್ದೆ, ಸಿಪಾಯಿ ಖುರ್ಚಿ ಕೊಟ್ಟರೂ.

'ನೌಕರಿ?' ಅಂದೆ ಮೇಡಂಗ.
'ಸಿಗ್ತದ ಯಜಮಾನ್ರ. ತಡಾ ಆಗ್ತದ.
ಸುಳ್ಳು ಹೇಳೂದಿಲ್ಲ ನಾ.'
ಆ ಮಾತಿಗೆ ನನಗ ಸಿಟ್ಟು ಬಂತು.
ಸುಳ್ಳು ಹೇಳಿದ್ರ ಹಗುರ ಆಗತಿತ್ತು.

ರಾತ್ರಿ ಅಕಿ ಕೇಳಿದಳು,
'ಹದಿನೇಳು ಎಳದ ಮ್ಯಾಲ ಹದಿನೆಂಟು ಯಾವಾಗ ಬಿಡತದಪ್ಪಾ?'
'ಗಾಡಿ ದಾಟಿದ ಮ್ಯಾಲ.'
'ಗಾಡಿ ಎಷ್ಟು ಉದ್ದ?'

ಇಪ್ಪತ್ತೆರಡು ವರ್ಷ
ಕಡೀ ಡಬ್ಬಿಯ ಕೆಂಪು ದೀಪ ನೋಡಿ ಸಹಿ ಮಾಡಿದಾಂವ ನಾನು,
ಉತ್ತರ ಇರಲಿಲ್ಲ.

ಮೊದಲನೇ ದಿನ ಚಿಗರಿ ಬಸ್ಸಿನಾಗ ನಾನೂ ಹೋದೆ.
ವಿದ್ಯಾನಗರ ಬಂತು. ಬಾಗಿಲು ಸರದು ತೆರದ್ವು,
ಬೆನ್ನಿಗೆ ಬ್ಯಾಗು ಹಾಕ್ಕೊಂಡ ಏಳೆಂಟು ಹುಡುಗ್ರು ಇಳದ್ರು.
ಶಿವಲೀಲಾ ಕಿಡಕಿಯಿಂದ ಅವರನ್ನ ನೋಡಿದಳು,
ಸ್ವಲ್ಪ ಹೆಚ್ಚs ಹೊತ್ತು ನೋಡಿದಳು,
ಏಳಲಿಲ್ಲ.
ಬಾಗಿಲು ಮುಚ್ಚಿದ್ವು.
ಈ ಬಸ್ಸಿಗೆ ಹಳಿ ಇಲ್ಲ, ಲೀವರಿಲ್ಲ,
ಆದರೂ ಮುಂದಿನ ಸೀಟಿನ ಸರಳು ಹಿಡಿದ ನನ್ನ ಕೈ
ಜಗ್ಗಿ ಹಿಂದಕ್ಕೆಳೀತು,
ಬರಲಿಲ್ಲ ಅದು.