ಭವಿಷ್ಯತ್ ಕಾಲ, ಹತ್ತು ಅಂಕ

ಒಂಬತ್ತನೇ ಇಯತ್ತೆಯ ಮೂವತ್ತೊಂದು ವಹಿ ತೊಡಿ ಮ್ಯಾಲೆ.
ಗುಳೇದಗುಡ್ಡದ ಹೊರಗ, ಸಾಲಿ ಮುಂದಿನ ಬೇವಿನ ಬುಡಕ ಕುಂತೀನಿ,
ಬಾಗಲಕೋಟಿ ಬಸ್ಸಿನ ಸುಳಿವಿಲ್ಲ.
ಪ್ರಶ್ನೆ ನಾನ ಕೊಟ್ಟಿದ್ದು:
ಐವತ್ತು ವರ್ಷದ ಮ್ಯಾಲೆ ನಮ್ಮೂರು.
ಭವಿಷ್ಯತ್ ಕಾಲದಾಗ ಬರೀರಿ. ಹತ್ತು ಸಾಲು.

ಹಾರೂ ಕಾರು ನಾಕು ವಹಿಯೊಳಗ ಅದಾವ.
ನಾಕೂ ಒಂದ ಬೆಂಚಿನವು, ಒಂದ ಕಡೆ ಕಾಗುಣಿತ ತಪ್ಪು.
ಹಾರಲಿ ಬಿಡು ಅಂತ ಅರ್ಧ ಅಂಕ ಹೆಚ್ಚಿಗಿ ಕೊಟ್ಟೆ.

ಮುದುಕಪ್ಪ ಬರದಾನ:
"ಆವಾಗ ನನ್ನ ಹೆಸರು ನನಗ ಹೊಂದತೈತಿ ಟೀಚರ.
ಅಪ್ಪನಂಥಾ ಮೊಣಕಾಲು ಯಾರಿಗೂ ಇರೂದಿಲ್ಲ,
ಕುಣಿಯಾಗ ಕಾಲು ಇಳಿಬಿಟ್ಟು ನೇಯೂದು ಇರೂದಿಲ್ಲ.
ಮಗ್ಗದ ಸಪ್ಪಳ ಮಾತ್ರ ಇರತೈತಿ,
ಇಲ್ಲಂದ್ರ ನಮ್ಮಜ್ಜಿಗೆ ನಿದ್ದಿ ಹತ್ತೂದಿಲ್ಲ."
ಐವತ್ತು ವರ್ಷದ ಮ್ಯಾಲೂ ಅಜ್ಜಿ ಅದಾಳ
ಅವನ ಲೆಕ್ಕದಾಗ.
ಕೆಂಪು ಪೆನ್ನು ಅಲ್ಲಿ ನಿಂತಿತು, ಮುಂದ ಹೋತು.

ವರ್ಗದಾಗ ಬಾಯಿ ಬಿಡದ ಸೋಮಲಿಂಗಂದು ಎರಡ ಸಾಲು:
"ರೊಟ್ಟಿ ಬಡಿಯೂದು ಗಂಡಸರೂ ಕಲೀತಾರ.
ಮೊದಮೊದಲು ದುಂಡಗ ಆಗೂದಿಲ್ಲ, ಆದರೂ ಎಲ್ಲಾರೂ ತಿಂತಾರ."

ತಬಸ್ಸುಮ:
"ಒಬ್ಬಾಕಿ ಕೈ ಮಾಡಿದರೂ ಬಸ್ಸು ನಿಂದ್ರತೈತಿ.
ಸಾಲಿ ಪಾಯಖಾನಿ ಬಾಗಿಲಕ್ಕ ಒಳಗ ಚಿಲಕ ಇರತೈತಿ.
ಗೆಳತಿ ಹೊರಗ ಬಾಗಿಲ ಹಿಡಕೊಂಡು ನಿಂದ್ರೂದು ಬ್ಯಾಡ,
ಅಷ್ಟೊತ್ತು ಆಕಿ ಬ್ಯಾರೆ ಏನರೆ ಮಾಡತಾಳ."
ಹೊಳ್ಳಿ ಓದಿದೆ.
ಇದಕ್ಕ ಐವತ್ತು ವರ್ಷ ಬೇಕೇನ?
ನಲವತ್ತು ರೂಪಾಯಿ. ನಾಕು ಸ್ಕ್ರೂ.

ಕಡೀ ವಹಿ ರೋಹಿಣಿದು. ಹತ್ತೂ ಸಾಲು ಭೂತಕಾಲ!
"ನೂಲಿನ ಬಣ್ಣ ಹಳ್ಳಕ್ಕ ಇಳೀತಿರಲಿಲ್ಲ,
ಹಳ್ಳದ ಬಣ್ಣ ಹಳ್ಳದ್ದ ಇತ್ತು.
ಬಾಡಿಗಿ ಮನಿ ಕೇಳಾಕ ಹೋದಾಗ
ಅಡ್ಡಹೆಸರು ಯಾರೂ ಕೇಳಲಿಲ್ಲ,
'ಎಷ್ಟು ಮಂದಿ ಇದ್ದೀರಿ, ನೀರು ಸಾಕಾಗತೈತೇನು' ಅಂದರು.
ನಮ್ಮವ್ವ ಖಣ ಮಾರಲಿಲ್ಲ, ಒಂದು ತಾನೂ ಹೊಲಿಸಿಕೊಂಡಳು..."

ಎಷ್ಟು ಸಲ ಹೇಳೀನಿ ಇವರಿಗೆ!
ಗೆರಿ ಎಳಕೊಂತ ಹೋದೆ.
ಇತ್ತು ಅಲ್ಲ, ಇರತೈತಿ.
ಕೇಳಲಿಲ್ಲ ಅಲ್ಲ, ಕೇಳೂದಿಲ್ಲ.
ಹಾಳಿ ಪೂರಾ ಕೆಂಪ ಆತು.
ತಿರುವಿದರ ಹಿಂದ, ತಳಕ್ಕ, ಸಣ್ಣಕ್ಷರ:
"ಟೀಚರ, ಕಾಲ ತಪ್ಪಿಲ್ಲ.
ನಾ ನನ್ನ ಮೊಮ್ಮಗಳಿಗೆ ಹೇಳಾಕತ್ತೀನಿ."

ಕೆಂಪು ಶಾಯಿ ರಬ್ಬರಿಗೆ ಹೋಗೂದಿಲ್ಲ,
ಉಗುಳು ಹಚ್ಚಿ ತಿಕ್ಕಿದರ ಹಾಳಿ ಹರೀತೈತಿ.
ಅಂಕದ ಜಾಗದಾಗ ಬರದೆ:
ಮೊಮ್ಮಗಳ ಹೆಸರೇನ?

ಅಷ್ಟರಾಗ ಧೂಳು, ಧೂಳಿನ ಹಿಂದ ಬಸ್ಸು.
ನಾ ಒಬ್ಬಾಕಿನ, ಕೈ ಮಾಡಿದೆ.
ಇಪ್ಪತ್ತು ಹೆಜ್ಜಿ ದಾಟಿ ನಿಂತಿತು.
ಓಡಿದೆ, ಮೂವತ್ತೊಂದು ವಹಿ ಎದಿಗವಚಿಕೊಂಡು.
ಲಗೂ ನಡಿಸಪಾ ಡ್ರೈವರಣ್ಣ,
ಚಿಲಕದ ಅಂಗಡಿ ಎಂಟಕ್ಕ ಮುಚ್ಚತೈತಿ.